ಜೋರು ಕುದುರೆಗೆ ಕಡಿವಾಣ ಹುಡುಕಿದ್ದು

ರೇಸ್ ಬಿಟ್ಟು ಬಂದ ಕುದುರೆಯ ಲಗಾಮು ಎಳೆದರೆ ಎಷ್ಟೋ ಸಲ ಅದು ನಿಲ್ಲುವುದಿಲ್ಲ, ಇನ್ನೂ ಜೋರಾಗಿ ಹೋಗುತ್ತದೆ. ಸವಾರಿ ಶಾಲೆಯ ಸಾಧು ಕುದುರೆಗಳ ಮೇಲೆ ಕಲಿತವರಿಗೆ ಇದು ಮೊದಮೊದಲು ಅರ್ಥವೇ ಆಗುವುದಿಲ್ಲ. ರೇಸ್ ಕೋರ್ಸಿನ ಬೆಳಗಿನ ಓಟ ನೋಡಿದರೆ ಗೊತ್ತಾಗುತ್ತದೆ. ಸವಾರ ಎರಡೂ ಲಗಾಮುಗಳನ್ನು ಒಂದರ ಮೇಲೊಂದು ಸೇರಿಸಿ ಹಿಡಿದು, ಕುದುರೆಯ ಕತ್ತಿಗೆ ಒತ್ತಿ, ರಿಕಾಪಿನ ಮೇಲೆ ನಿಂತಿರುತ್ತಾನೆ. ಕುದುರೆ ಆ ಬಿಗಿಗೆ ಭಾರ ಕೊಟ್ಟು ಓಡುವುದನ್ನು ಕಲಿಯುತ್ತದೆ. ಬಾಯಲ್ಲಿ ಬಿಗಿ ಬಂತು ಅಂದರೆ ಓಡುವ ಹೊತ್ತಾಯಿತು ಅಂತಲೇ ಅದರ ಲೆಕ್ಕ.

ತೂಫಾನ್ ಅಂಥ ಕುದುರೆ. ಬೆಂಗಳೂರು, ಮೈಸೂರು ಎರಡೂ ಕಡೆ ಓಡಿ, ಗೆಲ್ಲುವುದು ನಿಂತ ಮೇಲೆ ನಾನು ಸವಾರಿ ಮಾಡುವ ಲಾಯಕ್ಕೆ ಬಂದ ಥರೋಬ್ರೆಡ್, ಅಂದರೆ ರೇಸಿನ ತಳಿಯವನು. ರೇಸಿನ ದಾಖಲೆಯಲ್ಲಿ ಉದ್ದನೆಯ ಇಂಗ್ಲಿಷ್ ಹೆಸರಿದೆ. ತೂಫಾನ್ ಅಂತ ಕರೆದವರು ಕುದುರೆ ನೋಡಿಕೊಳ್ಳುವ ನಮ್ಮ ಸೈಸ್. ಕಂದು ಮೈ, ಕಪ್ಪು ಬಾಲ, ಹದಿನಾರು ಕೈಗಿಂತ (ಒಂದು ಕೈ ಅಂದರೆ ನಾಲ್ಕು ಇಂಚು) ಸ್ವಲ್ಪ ಜಾಸ್ತಿ ಎತ್ತರ. ನೆಲದ ಮೇಲೆ ನಿಂತಾಗ ಅವನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ. ಮೈ ಉಜ್ಜುವಾಗ ನನ್ನ ಭುಜಕ್ಕೆ ಗದ್ದ ಇಟ್ಟು ಕಣ್ಣು ಮುಚ್ಚುತ್ತಾನೆ. ಮೇಲೆ ಕೂತು ಬಯಲಿನಲ್ಲಿ ಕ್ಯಾಂಟರ್, ಅಂದರೆ ನಾಗಾಲೋಟಕ್ಕಿಂತ ಒಂದು ಮೆಟ್ಟಿಲು ಕಡಿಮೆಯ ಓಟ, ಶುರು ಮಾಡಿದ ಮೇಲೆ ಅವನೇ ಬೇರೆ, ಅವನ ದಾರಿಯೇ ಬೇರೆ.

ಅವನು ನನ್ನ ಪಾಲಿಗೆ ಬಂದಾಗ ಬಾಯಲ್ಲಿ ನಡುವೆ ಒಂದೇ ಕೀಲಿರುವ ಸಾದಾ ಸ್ನ್ಯಾಫಲ್ ಬಿಟ್ ಇತ್ತು. ಬಿಟ್ ಅಂದರೆ ಕಡಿವಾಣದಲ್ಲಿ ಬಾಯೊಳಗೆ ಅಡ್ಡ ಕೂರುವ, ಲಗಾಮು ಕಟ್ಟುವ ಲೋಹದ ತುಂಡು; ಸ್ನ್ಯಾಫಲ್ ಅದರಲ್ಲಿ ಸನ್ನೆಕೋಲಿಲ್ಲದ ಸರಳ ಬಗೆ. ಮೂಗಿನ ಮೇಲೆ ಪಟ್ಟಿ, ಅದಕ್ಕೆ ಸೇರಿಸಿ ಬಾಯಿ ಬಿಗಿಯುವ ಫ್ಲ್ಯಾಶ್ ಪಟ್ಟಿ. ಫ್ಲ್ಯಾಶ್ ಎಷ್ಟು ಬಿಗಿ ಇತ್ತು ಅಂದರೆ ಕೆಳಗೆ ಒಂದು ಬೆರಳೂ ತೂರುತ್ತಿರಲಿಲ್ಲ. "ಇನ್ನೂ ಗಟ್ಟಿ ಬಿಟ್ ಹಾಕಿ" ಅಂತ ಲಾಯಕ್ಕೆ ಬಂದವರೆಲ್ಲ ಹೇಳಿದರು. ಒಬ್ಬರು ಗ್ಯಾಗ್ ಅಂದರು, ಒಬ್ಬರು ವಾಟರ್‌ಫೋರ್ಡ್ ಅಂದರು. ನನ್ನ ಕೋಚ್ ಸೈನ್ಯದಲ್ಲಿ ಕುದುರೆ ಸವಾರಿ ಕಲಿಸಿ ನಿವೃತ್ತರಾದವರು. ಅವರು ಮಾತ್ರ ಬೇರೆಯೇ ಕೇಳಿದರು. "ಜೋರು ಜೋರು ಅಂತೀಯಲ್ಲಮ್ಮಾ, ಎಲ್ಲಿ ಜೋರು? ಯಾವಾಗ ಜೋರು? ತಲೆ ಮೇಲೆ ಎತ್ತಿ ಓಡ್ತಾನಾ, ಕೆಳಗೆ ಹಾಕಿ ಎಳೀತಾನಾ? ಮೊದಲು ಅದನ್ನ ಹೇಳು."

ಈ ಪ್ರಶ್ನೆಯೇ ನನಗೆ ದಾರಿ ಆಯಿತು. ನಾನು ಒಂದಷ್ಟು ದಿನ ಬಿಟ್ ಗಿಟ್ ಏನೂ ಬದಲಾಯಿಸದೆ ಸುಮ್ನೆ ಗಮನಿಸಿದೆ. ನಡಿಗೆಯಲ್ಲಿ ತೊಂದರೆ ಇಲ್ಲ. ಅಭ್ಯಾಸ ಮಾಡುವ ಅಂಕಣದ ಒಳಗೆ ಟ್ರಾಟ್, ಅಂದರೆ ನಡಿಗೆಗಿಂತ ಒಂದು ಮೆಟ್ಟಿಲು ಜೋರಾದ ಓಟ, ಮಾಡುವಾಗ ಎಡಕ್ಕೆ ಸರಿ ಇರುತ್ತಿದ್ದ, ಬಲಕ್ಕೆ ತಿರುಗುವಾಗ ತಲೆ ಕೊಡವುತ್ತಿದ್ದ. ಕ್ಯಾಂಟರ್‌ನಲ್ಲಿ ನಿಧಾನವಾಗಿ ತಲೆ ಕೆಳಗಿಳಿಸಿ ಇಡೀ ಭಾರ ನನ್ನ ಕೈಗೆ ಹಾಕುತ್ತಿದ್ದ. ಬೇಲಿ ದಾಟಿ ಬಯಲಿಗೆ ಬಂದರೆ, ಅದರಲ್ಲೂ ಲಾಯದ ಕಡೆ ಮುಖ ಮಾಡಿದರೆ, ಬಾಯಿ ಅಗಲಿಸಿ ಕತ್ತು ಗಟ್ಟಿ ಮಾಡಿ ಹೊರಟೇಬಿಡುತ್ತಿದ್ದ. ಅಂದರೆ ಒಂದೇ ಕುದುರೆಯಲ್ಲಿ ಮೂರು ಬೇರೆ ಬೇರೆ ತೊಂದರೆ ಇತ್ತು. ತಲೆ ಕೊಡವುವುದು ನೋವಿನದು ಇರಬಹುದು. ಕೈ ಮೇಲೆ ಒರಗುವುದು ಸಮತೋಲ ಇಲ್ಲದ್ದು. ಬಯಲಿನ ಓಟ ಹಳೆಯ ಪಾಠ. ಈ ಮೂರಕ್ಕೂ ಒಂದೇ ಬಿಟ್ ಔಷಧಿ ಆಗುವುದು ಹೇಗೆ?

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಹಲ್ಲಿನ ಪರೀಕ್ಷೆ ಮಾಡಿಸಿದೆವು. ಜೋರು ಕುದುರೆ ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡಾಕ್ಟರ್ ಮೇಡಂ ಬಂದು, ಸ್ವಲ್ಪ ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆದು ಹಿಡಿಯುವ ಕಬ್ಬಿಣದ ಚೌಕಟ್ಟು ಹಾಕಿದರು. ತಲೆಗೆ ಕಟ್ಟಿಕೊಂಡ ದೀಪದ ಬೆಳಕಿನಲ್ಲಿ ನನಗೂ ತೋರಿಸಿದರು. ಕುದುರೆಯ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಲ್ಲು ವರ್ಷವಿಡೀ ಹೊರಗೆ ಬರುತ್ತಲೇ ಇರುತ್ತದೆ, ಅಗಿದಂತೆ ಸವೆಯುತ್ತಲೇ ಇರುತ್ತದೆ. ಎರಡು ದವಡೆ ಪೂರ್ತಿ ಕೂಡದೆ ಇರುವುದರಿಂದ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನ ಹಲ್ಲುಗಳ ಒಳ ಅಂಚು ಸವೆಯದೆ ಚೂಪಾಗುತ್ತವೆ. ತೂಫಾನ್‌ನ ಮೇಲಿನ ಅಂಚು ಬೆರಳು ಇಟ್ಟರೆ ಚುಚ್ಚುತ್ತಿತ್ತು. ಅದರ ಎದುರಿಗೆ, ಕೆನ್ನೆಯ ಒಳಭಾಗದಲ್ಲಿ, ಹುಣ್ಣು. ಹೊರಗಿನಿಂದ ನೋಡಿದರೆ ಸರಿಯಾಗಿ ಮೂಗುಪಟ್ಟಿ ಬಿಗಿಯುವ ಜಾಗ ಅದು. ಪಟ್ಟಿ ಬಿಗಿದಷ್ಟೂ ಕೆನ್ನೆ ಹಲ್ಲಿಗೆ ಒತ್ತುತ್ತದೆ. ಬಾಯಿ ಮುಚ್ಚಿಸಲು ಹಾಕಿದ ಪಟ್ಟಿಯೇ ಬಾಯಿ ತೆರೆಯಲು ಕಾರಣ ಆಗಿತ್ತು.

ಇನ್ನೊಂದೂ ಸಿಕ್ಕಿತು. ಬಲಗಡೆ ಮೇಲೆ, ಮೊದಲ ದವಡೆ ಹಲ್ಲಿನ ಮುಂದೆ, ಜೋಳದ ಕಾಳಿನಷ್ಟು ಚಿಕ್ಕ ಹಲ್ಲು. ವುಲ್ಫ್ ಟೂತ್ ಅಂತಾರೆ. ಎಲ್ಲ ಕುದುರೆಗೂ ಇರುವುದಿಲ್ಲ, ಇದ್ದರೂ ಅಗಿಯಲು ಉಪಯೋಗ ಇಲ್ಲ. ಆದರೆ ಬಿಟ್ ಹಿಂದಕ್ಕೆ ಬಂದಾಗ ಕಟಬಾಯಿಯ ಚರ್ಮ ಆ ಹಲ್ಲಿಗೆ ಸಿಕ್ಕಿಕೊಳ್ಳಬಹುದು. ಬಲಕ್ಕೆ ತಿರುಗುವಾಗ ತಲೆ ಕೊಡವುತ್ತಿದ್ದುದಕ್ಕೆ ಇದೇ ಕಾರಣ ಇರಬಹುದು ಅಂದರು ಡಾಕ್ಟರ್. ಅದನ್ನು ತೆಗೆದರು. ಚೂಪು ಅಂಚುಗಳನ್ನು ಅರದಿಂದ ಉಜ್ಜಿದರು.

ಆಮೇಲೆ ಅವರು ನನ್ನ ಕೈ ಹಿಡಿದು ಕುದುರೆಯ ಬಾಯಿಯೊಳಗೆ ಇಟ್ಟರು. ಮುಂದಿನ ಹಲ್ಲು ಮುಗಿದು ದವಡೆ ಹಲ್ಲು ಶುರುವಾಗುವ ನಡುವೆ ಒಂದು ಖಾಲಿ ಜಾಗ ಇದೆ, ಬಿಟ್ ಕೂರುವುದು ಅಲ್ಲಿ. "ಒತ್ತಬೇಡಿ, ಸುಮ್ನೆ ಬೆರಳು ಆಡಿಸಿ" ಅಂದರು. ಕೆಳಗಿನ ವಸಡಿನ ಕೆಳಗೆ ಎಲುಬು. ಅದು ಚಪ್ಪಟೆ ಇರುತ್ತದೆ ಅಂದುಕೊಂಡಿರುತ್ತೇವೆ. ಕೈಗೆ ಸಿಕ್ಕಿದ್ದು ಏಣು. ನಮ್ಮ ಮೊಣಕಾಲ ಕೆಳಗಿನ ಎಲುಬಿನ ಹಾಗೆ, ಮಾಂಸವೇ ಇಲ್ಲ, ತೆಳ್ಳನೆಯ ಚರ್ಮ ಅಷ್ಟೇ. ಎರಡು ಬದಿಯ ಏಣುಗಳ ನಡುವೆ ನಾಲಿಗೆ. ತೂಫಾನ್‌ನ ನಾಲಿಗೆ ದಪ್ಪ, ಹಲ್ಲಿನ ಸಂದಿಯಿಂದ ಹೊರಗೆ ಉಬ್ಬುವಷ್ಟು ದಪ್ಪ. ಮೇಲೆ ಅಂಗುಳು ತಗ್ಗು. ಅಂದರೆ ಬಾಯಲ್ಲಿ ಬಿಟ್‌ಗೆ ಅಂತ ಜಾಗವೇ ಇಲ್ಲ. ಏನು ಹಾಕಿದರೂ ನಾಲಿಗೆಯನ್ನು ಒತ್ತಿಯೇ ಕೂರಬೇಕು.

ದಪ್ಪ ಬಿಟ್ ಮೃದು, ತೆಳು ಬಿಟ್ ಕಠಿಣ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕಕ್ಕೆ ಸರಿ, ದಪ್ಪ ಆದರೆ ಒತ್ತಡ ಹರಡುತ್ತದೆ. ಆದರೆ ಜಾಗವೇ ಇಲ್ಲದ ಬಾಯಿಗೆ 18 ಮಿಲಿಮೀಟರ್ ದಪ್ಪದ ಬಿಟ್ ತುರುಕಿದರೆ ಅದು ಯಾವ ಮೃದು? ಅವನಿಗೆ 14 ಮಿಲಿಮೀಟರ್ ಸಾಕು ಅಂತ ಅಲ್ಲೇ ತೀರ್ಮಾನ ಆಯಿತು. ಕುದುರೆಯ ನಡೆ, ಹಿಡಿತ ನೋಡುವ ಡ್ರೆಸ್ಸಾಜ್ ಸ್ಪರ್ಧೆಯಲ್ಲಿ ಕುದುರೆಯ ಸ್ನ್ಯಾಫಲ್‌ಗೆ ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ಇಟ್ಟಿರುವ ಕನಿಷ್ಠ ದಪ್ಪವೂ 14 ಮಿಲಿಮೀಟರ್.

ಹುಣ್ಣು, ಹಲ್ಲು ಕಿತ್ತ ಗಾಯ ಎರಡೂ ಮಾಯುವವರೆಗೆ ಬಾಯಿಗೆ ಏನೂ ಹಾಕಲಿಲ್ಲ. ಆ ಹೊತ್ತಿನಲ್ಲಿ ಜೀನು ನೋಡಿಸಿದೆವು, ಬೆನ್ನು ನೋಡಿಸಿದೆವು, ಅಲ್ಲಿ ತೊಂದರೆ ಇರಲಿಲ್ಲ. ರೇಸಿನ ಕಾಲದ ಓಟ್ಸ್ ಕಡಿಮೆ ಮಾಡಿ ಹುಲ್ಲು ಜಾಸ್ತಿ ಮಾಡಿದೆವು. ಬೆಂಗಳೂರಿನ ಲಾಯಗಳಲ್ಲಿ ಕುದುರೆ ಬಿಟ್ಟು ಮೇಯಿಸುವ ಜಾಗಕ್ಕೆ ಬರ. ಆದರೂ ದಿನಾ ಬೆಳಿಗ್ಗೆ ಒಂದಷ್ಟು ಹೊತ್ತು ಚಿಕ್ಕ ಬೇಲಿಯೊಳಗೆ ಬಿಡಲು ಸೈಸ್ ಒಪ್ಪಿಕೊಂಡರು. ಕೂಡಿಹಾಕಿ, ಕಾಳು ತಿನ್ನಿಸಿ, ಆಮೇಲೆ ಹೊರಗೆ ತಂದು ಮೆಲ್ಲಗೆ ಹೋಗು ಅಂದರೆ ಯಾವ ಕುದುರೆ ಕೇಳುತ್ತದೆ, ಅಲ್ವಾ?

ಮುಂದಿನದು ಅಳತೆ. ಅವನ ಹಳೆಯ ಬಿಟ್ ಐದೂವರೆ ಇಂಚು. ನಯವಾದ ಒಂದು ಮರದ ಕಡ್ಡಿಯನ್ನು ಬಾಯಿಗೆ ಅಡ್ಡ ಇಟ್ಟು, ಎರಡೂ ಕಡೆ ತುಟಿಯ ಪಕ್ಕ ಗುರುತು ಹಾಕಿ ಅಳೆದೆವು. ಐದು ಇಂಚಿಗೂ ಸ್ವಲ್ಪ ಕಡಿಮೆ ಬಂತು. ಎರಡೂ ಬದಿ ಅರ್ಧ ಸೆಂಟಿಮೀಟರ್ ಬಿಟ್ಟರೂ ಐದು ಇಂಚು, ಹೆಚ್ಚೆಂದರೆ ಐದೂಕಾಲು ಸಾಕು. ಅಳತೆ ಮೀರಿದ ಬಿಟ್ ಬಾಯಲ್ಲಿ ಅತ್ತಿಂದಿತ್ತ ಜಾರುತ್ತದೆ, ನಡುವಿನ ಕೀಲು ನಡುವೆ ಇರುವುದಿಲ್ಲ. ಒಂದು ಕೀಲಿನ ಬಿಟ್ ಎರಡೂ ಲಗಾಮು ಒಟ್ಟಿಗೆ ಎಳೆದಾಗ ಮಡಚಿಕೊಂಡು ನಾಲಿಗೆಯನ್ನು ಎರಡು ಬದಿಯಿಂದ ಹಿಂಡುತ್ತದೆ. ದೊಡ್ಡ ಅಳತೆಯದಾದರೆ ಇನ್ನೂ ಜಾಸ್ತಿ ಮಡಚುತ್ತದೆ. ತಗ್ಗು ಅಂಗುಳಿನ ಕುದುರೆಗೆ ಇದು ಹಿಂಸೆ.

ಎತ್ತರದ ವಿಷಯದಲ್ಲಿ "ಕಟಬಾಯಲ್ಲಿ ಎರಡು ಸುಕ್ಕು ಬರಬೇಕು" ಅನ್ನುವುದು ಹಳೆಯ ಮಾತು. ಸುಕ್ಕು ತುಟಿಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ಬಿಟ್ ಕಟಬಾಯಿಗೆ ಹಗುರವಾಗಿ ತಾಗಿರಬೇಕು, ನೇತಾಡಬಾರದು, ಕೋರೆಹಲ್ಲಿಗೆ ಬಡಿಯಬಾರದು. ಗಂಡು ಕುದುರೆಗೆ ನಾಲ್ಕೈದು ವರ್ಷಕ್ಕೆ ಕೋರೆಹಲ್ಲು ಬರುತ್ತದೆ, ತೂಫಾನ್‌ಗೂ ಇದೆ. ನಾವು ನೋಡಿದ್ದು ಈ ಮೂರನ್ನೇ.

ಬಿಟ್ ಕೊಳ್ಳುವುದು ಸುಲಭ ಇಲ್ಲ. ಚರ್ಮದ ಸಾಮಾನಿಗೆ ಕಾನ್ಪುರ ಇದೆ, ಅಲ್ಲಿನ ಜೀನು, ಬ್ರೈಡಲ್‌ಗಳಿಗೆ (ತಲೆಗೆ ಕಟ್ಟುವ ಪಟ್ಟಿಗಳು) ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ, ಹೊರದೇಶಗಳಿಗೂ ಹೋಗುತ್ತವೆ. ಆದರೆ ಒಂದು ಬಿಟ್ ಬಾಯಿಗೆ ಹೊಂದುತ್ತದೋ ಇಲ್ಲವೋ ಹಾಕಿ ನೋಡದೆ ತಿಳಿಯದು, ಹಾಕಿದ್ದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ನಮ್ಮ ಲಾಯದ ಸಾಮಾನು ಕೋಣೆಯಲ್ಲಿ ಗೋಡೆ ತುಂಬಾ ಹಳೆಯ ಬಿಟ್‌ಗಳು ನೇತಾಡುತ್ತಿದ್ದವು. ಗೆಳೆಯರೂ ಕೊಟ್ಟರು. ಒಂದೊಂದನ್ನೂ ಬಿಸಿನೀರಲ್ಲಿ ತೊಳೆದು, ಅಂಚಿನಲ್ಲಿ ಚೂಪಿದೆಯಾ, ಕೀಲಿನಲ್ಲಿ ಚರ್ಮ ಸಿಕ್ಕಿಕೊಳ್ಳುತ್ತದಾ ಅಂತ ಬೆರಳು ಹಾಕಿ ನೋಡಿ, ಆಮೇಲೆ ಬಾಯಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನುವುದು ಕೋಚ್ ಹಾಕಿದ ನಿಯಮ. ಬಿಟ್ ಬದಲಾಯಿಸಿದ ದಿನ ಮೂಗುಪಟ್ಟಿ ಮುಟ್ಟುವ ಹಾಗಿಲ್ಲ, ಪಟ್ಟಿ ಬದಲಾಯಿಸಿದ ದಿನ ಬಿಟ್ ಮುಟ್ಟುವ ಹಾಗಿಲ್ಲ. ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಾದರೂ ಹೇಗೆ?

ಮೊದಲು ಹಾಕಿದ್ದು ಎರಡು ಕೀಲಿನ ಸ್ನ್ಯಾಫಲ್. ನಡುವೆ ನಯವಾದ ಗುಂಡು ತುಣುಕು, ಲಗಾಮು ಕಟ್ಟುವ ತುದಿಗಳಲ್ಲಿ ಎಗ್‌ಬಟ್ ಅನ್ನುವ ಬಳೆ. ಆ ಬಳೆ ಬಿಟ್‌ಗೆ ಕೂಡಿಕೊಂಡೇ ಇರುವುದರಿಂದ ಕಟಬಾಯಿ ಸಿಕ್ಕಿಕೊಳ್ಳುವುದಿಲ್ಲ, ಬಿಟ್ ಬಾಯಲ್ಲಿ ಅಲುಗಾಡುವುದೂ ಕಡಿಮೆ. ನಡಿಗೆಯಲ್ಲೇ ವ್ಯತ್ಯಾಸ ಕಂಡಿತು. ಮುಂಚೆ ಲಗಾಮು ಹಿಡಿದ ತಕ್ಷಣ ಕಿವಿ ಹಿಂದೆ ಹೋಗುತ್ತಿತ್ತು. ಈಗ ಬಾಯಿ ಮೆಲ್ಲಗೆ ಆಡಿಸುತ್ತ, ತುಟಿಯ ಮೇಲೆ ತೆಳ್ಳಗೆ ನೊರೆ ಬಂತು. ಬಲಕ್ಕೆ ತಿರುಗುವಾಗ ತಲೆ ಕೊಡವಲಿಲ್ಲ. ಅದು ಬಿಟ್‌ನಿಂದ ಅನ್ನುವುದಕ್ಕಿಂತ ಹಲ್ಲು ತೆಗೆದಿದ್ದರಿಂದ ಅಂತಲೇ ನನ್ನ ಅನಿಸಿಕೆ. ಕ್ಯಾಂಟರ್‌ನಲ್ಲಿ ಒರಗುವುದು ಮಾತ್ರ ಹಾಗೇ ಇತ್ತು. ಬಯಲಿನಲ್ಲಂತೂ ಹೇಳುವುದೇ ಬೇಡ.

ಬಯಲಿಗೆ ಅಂತ ಮೂರು ಬಳೆಯ ಡಚ್ ಗ್ಯಾಗ್ ಹಾಕಿ ನೋಡಿದೆವು. ಶೋ ಜಂಪಿಂಗ್ ಮಾಡುವವರಲ್ಲಿ ಇದು ಬಹಳ ಕಾಣುತ್ತದೆ. ದೊಡ್ಡ ಬಳೆಯಲ್ಲಿ ಬಿಟ್, ಮೇಲಿನ ಚಿಕ್ಕ ಬಳೆಗೆ ಕೆನ್ನೆಯ ಪಟ್ಟಿ, ಕೆಳಗಿನ ಬಳೆಗೆ ಲಗಾಮು. ಲಗಾಮು ಎಳೆದಾಗ ಬಿಟ್ ಬಾಯಲ್ಲಿ ಮೇಲಕ್ಕೆ ಸರಿಯುತ್ತದೆ, ಕಿವಿಯ ಹಿಂದೆ ನೆತ್ತಿಯ ಮೇಲೆ ಒತ್ತಡ ಬೀಳುತ್ತದೆ. ತಲೆ ಕೆಳಗೆ ಹಾಕಿ ಎಳೆಯುವ ಕುದುರೆಗೆ ಉಪಯೋಗ ಆಗಬಹುದು. ಬಯಲಿನಲ್ಲಿ ತೂಫಾನ್ ಮಾಡುವುದು ಅದರ ಉಲ್ಟಾ, ತಲೆ ಮೇಲೆ ಎತ್ತಿ ಓಡುತ್ತಾನೆ. ಗ್ಯಾಗ್ ಹಾಕಿದಾಗ ನಿಂತ, ಅದು ನಿಜ. ಆದರೆ ತಲೆ ಇನ್ನೂ ಮೇಲೆ ಹೋಯಿತು, ಬೆನ್ನು ಕೆಳಗೆ ಕುಸಿಯಿತು, ಬೇಲಿಯನ್ನು ಚಪ್ಪಟೆಯಾಗಿ ಹಾರಿದ. ಸೈಸ್ ಬೇಲಿಯ ಹತ್ತಿರ ನಿಂತಿದ್ದವರು, "ಮೇಡಂ, ಇವನು ಹೆದರಿ ನಿಂತಿದ್ದಾನೆ, ಕೇಳಿ ನಿಂತಿಲ್ಲ" ಅಂದರು. ಕುದುರೆಗಳ ಜತೆ ಜೀವಮಾನ ಕಳೆದವರ ಕಣ್ಣು ಅದು. ಗ್ಯಾಗ್ ಅವತ್ತೇ ಗೋಡೆಗೆ ಹೋಯಿತು.

ವಾಟರ್‌ಫೋರ್ಡ್ ಬಗ್ಗೆ ಎರಡೇ ಮಾತು. ಗುಂಡುಗಳನ್ನು ಪೋಣಿಸಿದ ಸರದ ಹಾಗಿನ ಬಿಟ್, ಒರಗಲು ಗಟ್ಟಿ ಜಾಗ ಸಿಗದೆ ಕುದುರೆ ಒರಗುವುದು ಬಿಡುತ್ತದೆ ಅನ್ನುವುದು ಲೆಕ್ಕ. ಸವಾರನ ಕೈ ಅತ್ತಿತ್ತ ಎಳೆದಾಡಿದರೆ ಬಾಯಿಗೆ ಗರಗಸ ಹಾಕಿದಂತೆ. ಕೋಚ್ ಬೇಡ ಅಂದರು, ನಾನೂ ಹಾಕಲಿಲ್ಲ.

ಬಯಲಿಗೆ ಹೊಂದಿದ್ದು ಪೆಲಮ್. ಕೀಲಿಲ್ಲದ, ಮೆಲ್ಲಗೆ ಬಾಗಿದ ಒಂದೇ ತುಂಡಿನ ಬಿಟ್, ಎರಡೂ ಬದಿ ಉದ್ದನೆಯ ಕಡ್ಡಿ, ಒಂದೊಂದು ಬದಿಯಲ್ಲೂ ಲಗಾಮಿಗೆ ಮೇಲೊಂದು, ಕೆಳಗೊಂದು ಬಳೆ, ಗದ್ದದ ಕೆಳಗೆ ಸರಪಳಿ. ಇದು ಸನ್ನೆಕೋಲಿನ ಲೆಕ್ಕ. ಬಿಟ್‌ನಿಂದ ಮೇಲಿನ ಕಡ್ಡಿ 5 ಸೆಂಟಿಮೀಟರ್, ಕೆಳಗಿನದು 10 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಕೆಳಗಿನ ಲಗಾಮಿನಲ್ಲಿ ಒಂದು ಕಿಲೋ ಎಳೆದರೆ ಸರಪಳಿಯ ಮೇಲೆ ಸುಮಾರು ಎರಡು ಕಿಲೋ, ಬಾಯಿಯ ಮೇಲೆ ಸುಮಾರು ಮೂರು ಕಿಲೋ ಬೀಳುತ್ತದೆ. ಅದಕ್ಕೇ ಪೆಲಮ್ ಹಿಡಿಯುವ ಕೈಗೆ ಜವಾಬ್ದಾರಿ ಜಾಸ್ತಿ. ನಮ್ಮದಕ್ಕೆ ಕೆಳಗಿನ ಕಡ್ಡಿ ಗಿಡ್ಡ ಇರುವುದನ್ನೇ ಆರಿಸಿದೆವು.

ಎರಡು ಲಗಾಮುಗಳನ್ನೇ ಹಾಕಬೇಕು ಅಂತ ಕೋಚ್ ಹಟ ಹಿಡಿದರು. ಎರಡು ಬಳೆಗಳನ್ನು ಸೇರಿಸುವ ಚಿಕ್ಕ ಪಟ್ಟಿ ಸಿಗುತ್ತದೆ, ಅದನ್ನು ಹಾಕಿದರೆ ಒಂದೇ ಲಗಾಮು ಸಾಕು. ಆದರೆ ಆಗ ಮೇಲಿನದು, ಕೆಳಗಿನದು ಬೇರೆ ಬೇರೆ ಮಾಡಲು ಆಗುವುದಿಲ್ಲ, ಯಾವಾಗಲೂ ಎರಡೂ ಒಟ್ಟಿಗೆ. ಎರಡು ಲಗಾಮು ಇದ್ದರೆ ಮೇಲಿನದರಿಂದ ಸಾದಾ ಸ್ನ್ಯಾಫಲ್‌ನ ಹಾಗೆ ಸವಾರಿ ಮಾಡುತ್ತ, ಬೇಕಾದ ಒಂದು ಕ್ಷಣಕ್ಕೆ ಮಾತ್ರ ಕೆಳಗಿನದನ್ನು ಹಿಡಿಯಬಹುದು. ಬೆರಳುಗಳ ನಡುವೆ ನಾಲ್ಕು ಚರ್ಮದ ಪಟ್ಟಿ ಹಿಡಿಯುವುದನ್ನು ಮನೆಯಲ್ಲಿ ಕುರ್ಚಿಗೆ ಕಟ್ಟಿ ಅಭ್ಯಾಸ ಮಾಡಿದೆ. ಸರಪಳಿಯನ್ನು ಬಲಕ್ಕೆ ತಿರುವುತ್ತಾ ಹೋದರೆ ಒಂದು ಹಂತದಲ್ಲಿ ಕೊಂಡಿಗಳೆಲ್ಲ ಚಪ್ಪಟೆಯಾಗಿ ಒಂದಕ್ಕೊಂದು ಕೂರುತ್ತವೆ. ಆಗ ಕೊಕ್ಕೆಗೆ ಹಾಕಬೇಕು. ಒಂದು ಕೊಂಡಿ ಎದ್ದಿದ್ದರೂ ಗದ್ದದ ಎಲುಬಿಗೆ ಚುಚ್ಚುತ್ತದೆ. ಕಡ್ಡಿ ಹಿಂದಕ್ಕೆ ಸುಮಾರು 45 ಡಿಗ್ರಿ ತಿರುಗಿದಾಗ ಸರಪಳಿ ಗದ್ದಕ್ಕೆ ತಾಗಬೇಕು. ಅದಕ್ಕಿಂತ ಮೊದಲೇ ತಾಗಿದರೆ ಬಿಗಿ ಜಾಸ್ತಿ, ತೀರಾ ತಡವಾದರೆ ಬಿಟ್ ಬಾಯಲ್ಲಿ ಮಗುಚಿಕೊಳ್ಳುತ್ತದೆ. ಸರಪಳಿಗೆ ರಬ್ಬರ್ ತೊಡಿಸಿದೆವು.

ಪೆಲಮ್ ಹಾಕಿ ಬಯಲಿಗೆ ಹೋದ ಮೊದಲ ದಿನ ತೂಫಾನ್ ಹೊರಡಲು ಕತ್ತು ಗಟ್ಟಿ ಮಾಡಿದ. ಕೆಳಗಿನ ಲಗಾಮನ್ನು ಉಂಗುರ ಬೆರಳಿನಿಂದ ಒಂದು ಸಲ ಮುಚ್ಚಿ ತೆರೆದೆ, ಅಷ್ಟೇ. ಅವನ ಕಿವಿ ನನ್ನ ಕಡೆ ತಿರುಗಿತು, ಗದ್ದ ಇಳಿಯಿತು, ಹೆಜ್ಜೆ ಚಿಕ್ಕದಾಯಿತು. ಬಿಗಿ ಬಂದು ತಕ್ಷಣ ಹೋಯಿತಲ್ಲ, ಅವನಿಗೆ ಅದು ಹೊಸದು. ಹಿಡಿದು ನೇತಾಡುವ ಕೈಯನ್ನು ಅವನು ಚೆನ್ನಾಗಿ ಬಲ್ಲ. ಹಿಡಿದು ಬಿಡುವ ಕೈ ಅವನಿಗೆ ಗೊತ್ತಿರಲಿಲ್ಲ.

ಅಂಕಣದಲ್ಲಿ ಮಾತ್ರ ಪೆಲಮ್ ಬೇಡ ಅನ್ನಿಸಿತು. ನಿಧಾನದ ಕೆಲಸದಲ್ಲಿ ಅವನು ಗದ್ದವನ್ನು ಎದೆಗೆ ಒತ್ತಿ ಬಿಟ್‌ನಿಂದ ತಪ್ಪಿಸಿಕೊಳ್ಳಲು ನೋಡಿದ. ಹೊರಗಿನಿಂದ ನೋಡುವವರಿಗೆ ಕತ್ತು ಬಾಗಿ ಚೆಂದ ಕಾಣುತ್ತದೆ, ಆದರೆ ಕುದುರೆ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ದಿನನಿತ್ಯಕ್ಕೆ ಎರಡು ಕೀಲಿನ ಸ್ನ್ಯಾಫಲ್, ಬಯಲಿಗೆ ಪೆಲಮ್ ಅಂತ ಗೊತ್ತುಮಾಡಿಕೊಂಡೆವು. ಒಂದೇ ಕುದುರೆಗೆ ಎರಡು ಬಿಟ್ ಹಾಕಿದರೆ ಗೊಂದಲ ಆಗುವುದಿಲ್ಲವಾ ಅಂತ ಕೇಳಿದವರಿದ್ದಾರೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದ ಈವೆಂಟಿಂಗ್ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಕುದುರೆ ಡ್ರೆಸ್ಸಾಜ್, ಕ್ರಾಸ್ ಕಂಟ್ರಿ, ಜಂಪಿಂಗ್ ಮೂರನ್ನೂ ಮಾಡಬೇಕು. ಬೇರೆ ಬೇರೆ ಹಂತಕ್ಕೆ ಬೇರೆ ಬೇರೆ ಬಿಟ್ ಹಾಕುವುದು ಅಲ್ಲಿ ಮಾಮೂಲಿ. ಡ್ರೆಸ್ಸಾಜ್‌ಗೆ ಪೆಲಮ್ ಹಾಕುವ ಹಾಗೂ ಇಲ್ಲ, ನಿಯಮ ಒಪ್ಪುವುದಿಲ್ಲ.

ಇನ್ನು ಮೂಗುಪಟ್ಟಿ. ಇದರ ಬಗ್ಗೆ ನನಗೆ ಬಿಟ್‌ಗಿಂತ ಜಾಸ್ತಿ ಹೇಳಬೇಕು ಅನ್ನಿಸುತ್ತದೆ, ಯಾಕೆಂದರೆ ಬಿಟ್ ಬಗ್ಗೆ ಎಲ್ಲರೂ ವಾದ ಮಾಡುತ್ತಾರೆ, ಪಟ್ಟಿಯನ್ನು ಮಾತ್ರ ಯೋಚಿಸದೆ ಒಂದು ತೂತು ಜಾಸ್ತಿ ಬಿಗಿಯುತ್ತಾರೆ. ಬಾಯಿ ತೆರೆಯುವ ಕುದುರೆ ಏನೋ ಹೇಳುತ್ತಿದೆ. ಹಲ್ಲು ನೋಯುತ್ತಿದೆ, ನಾಲಿಗೆಗೆ ಜಾಗ ಇಲ್ಲ, ನಿನ್ನ ಕೈ ಗಟ್ಟಿ. ಬಾಯಿ ಕಟ್ಟಿಬಿಟ್ಟರೆ ಅದು ಹೇಳುವುದು ನಿಲ್ಲುತ್ತದೆ, ನೋವು ಹಾಗೇ ಇರುತ್ತದೆ.

ಇದು ಬರೀ ನಮ್ಮ ಲಾಯದ ಕಥೆ ಅಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುರೋಪಿನ ಸ್ಪರ್ಧೆಗಳಲ್ಲಿ 750 ಕುದುರೆಗಳ ಮೂಗುಪಟ್ಟಿ ಅಳೆದು ನೋಡಿದ್ದರು. ಎರಡು ಬೆರಳಿನಷ್ಟು ಸಡಿಲ ಇದ್ದದ್ದು ನೂರಕ್ಕೆ 7ರಲ್ಲಿ. ನೂರಕ್ಕೆ 44ರಲ್ಲಿ ಅಳತೆ ಕಡ್ಡಿಯ ತುದಿಯೂ ತೂರಲಿಲ್ಲ. 2025ರಿಂದ ಎಫ್‌ಇಐ ಸ್ಪರ್ಧೆಗಳಲ್ಲಿ ಪಟ್ಟಿಯ ಸಡಿಲವನ್ನು ಒಂದೇ ಬಗೆಯ ಸಾಧನದಿಂದ ಅಳೆಯುತ್ತಾರೆ. ಅಳೆಯಬೇಕಾದ್ದು ಮೂಗಿನ ಎಲುಬಿನ ಮೇಲೆ. ಕೆನ್ನೆಯ ಬದಿಯಲ್ಲಿ ಮೆತ್ತನೆಯ ಮಾಂಸ ಇರುತ್ತದೆ, ಅಲ್ಲಿ ಎಷ್ಟು ಬಿಗಿದರೂ ಬೆರಳು ತೂರುತ್ತದೆ. ಎಷ್ಟೋ ಜನ ಅಲ್ಲೇ ಬೆರಳು ಹಾಕಿ "ಸಡಿಲ ಇದೆ" ಅನ್ನುತ್ತಾರೆ.

ನಾವು ಮೊದಲು ಮಾಡಿದ ಕೆಲಸ ಫ್ಲ್ಯಾಶ್ ತೆಗೆದದ್ದು. ಫ್ಲ್ಯಾಶ್‌ನ ತೊಂದರೆ ಅದರ ಕಟ್ಟೋಣದಲ್ಲೇ ಇದೆ. ಅದು ಮೇಲಿನ ಪಟ್ಟಿಗೆ ನೇತುಬಿದ್ದಿರುತ್ತದೆ. ಮೇಲಿನದು ಸಡಿಲ ಇದ್ದರೆ ಫ್ಲ್ಯಾಶ್ ಅದನ್ನು ಮೂಗಿನ ಕೆಳಗೆ ಎಳೆದುಬಿಡುತ್ತದೆ. ಹಾಗಾಗದಿರಲಿ ಅಂತ ಮೇಲಿನದನ್ನೂ ಬಿಗಿಯುತ್ತಾರೆ. ಕೊನೆಗೆ ಎರಡೂ ಬಿಗಿ. ಅದನ್ನು ತೆಗೆದು ಸಾದಾ ಪಟ್ಟಿಯನ್ನು ಎರಡು ಬೆರಳಿನಷ್ಟು ಸಡಿಲ ಬಿಟ್ಟು ಅಂಕಣದಲ್ಲಿ ಸವಾರಿ ಮಾಡಿದೆ. ತೂಫಾನ್ ಬಾಯಿ ತೆರೆದ, ನಿಜ. ಆದರೆ ಯಾವಾಗ ತೆರೆಯುತ್ತಾನೆ ಅನ್ನುವುದು ಈಗ ನನಗೆ ಕಾಣಿಸಿತು. ಟ್ರಾಟ್‌ನಿಂದ ನಡಿಗೆಗೆ ಇಳಿಯುವ ಹೊತ್ತಿನಲ್ಲಿ, ನನ್ನ ಬಲಗೈ ಒಂದು ಕ್ಷಣ ಜಾಸ್ತಿ ಹಿಡಿದಿದ್ದಾಗ. ಬಾಯಿ ಕಟ್ಟಿದ್ದರೆ ಈ ಸುದ್ದಿ ನನಗೆ ಬರುತ್ತಲೇ ಇರಲಿಲ್ಲ.

ಡ್ರಾಪ್ ಅನ್ನುವ ತಗ್ಗು ಪಟ್ಟಿಯನ್ನೂ ಹಾಕಿ ನೋಡಿದೆವು. ಅದು ಬಿಟ್‌ನ ಕೆಳಗೆ ಕಟ್ಟುವಂಥದ್ದು. ಮೂಗಿನ ಎಲುಬು ಮುಗಿಯುವ ಮೊದಲೇ ಕೂರಬೇಕು, ಹೊಳ್ಳೆಯಿಂದ ಸುಮಾರು ನಾಲ್ಕು ಬೆರಳು ಮೇಲೆ. ಅದಕ್ಕಿಂತ ಕೆಳಗೆ ಬಂದರೆ ಮೆತ್ತನೆಯ ಭಾಗವನ್ನು ಒತ್ತಿ ಉಸಿರಿಗೆ ಅಡ್ಡಿ ಮಾಡುತ್ತದೆ. ಕುದುರೆ ನಮ್ಮ ಹಾಗೆ ಬಾಯಿಂದ ಉಸಿರಾಡುವುದಿಲ್ಲ, ಅದಕ್ಕಿರುವುದು ಮೂಗೊಂದೇ. ನಾಗಾಲೋಟದಲ್ಲಿ ಹೊಳ್ಳೆ ಅಗಲಿಸಲು ಆಗದ ಕುದುರೆ ಗಾಬರಿಯಾಗುತ್ತದೆ, ಗಾಬರಿಯಾದ ಕುದುರೆ ಇನ್ನೂ ಜೋರಾಗುತ್ತದೆ. ತೂಫಾನ್‌ನ ಮೂಗು ಚಿಕ್ಕದು, ಡ್ರಾಪ್‌ಗೆ ಸರಿಯಾದ ಜಾಗ ಸಿಗಲಿಲ್ಲ. ಬಿಟ್ಟೆವು.

ಬೇಲಿ ಹಾರುವ ಅಭ್ಯಾಸಕ್ಕೆ ಗ್ರ್ಯಾಕಲ್ ಅನ್ನುವ ಪಟ್ಟಿ ಹೊಂದಿತು. ಇಂಗ್ಲೆಂಡಿನ ಬೇಲಿ ಹಾರುವ ರೇಸ್ ಗ್ರ್ಯಾಂಡ್ ನ್ಯಾಷನಲ್ ಅನ್ನು 1931ರಲ್ಲಿ ಗೆದ್ದ ಕುದುರೆಯ ಹೆಸರೇ ಈ ಪಟ್ಟಿಗೆ ಬಂದಿದೆ. ಎರಡು ಪಟ್ಟಿಗಳು ಮೂಗಿನ ಮೇಲೆ ಗುಣಾಕಾರದ ಗುರುತಿನ ಹಾಗೆ ಅಡ್ಡ ಹಾಯುತ್ತವೆ. ಮೇಲಿನದು ದವಡೆಯ ಮೇಲ್ಭಾಗದಲ್ಲಿ, ಕೆಳಗಿನದು ಗದ್ದದ ತಗ್ಗಿನಲ್ಲಿ. ಹೊಳ್ಳೆಯ ಸುತ್ತ ಪೂರ್ತಿ ಖಾಲಿ. ದವಡೆಯನ್ನು ಅಡ್ಡಡ್ಡ ತಿರುಚಿ ಬಿಟ್‌ನಿಂದ ತಪ್ಪಿಸಿಕೊಳ್ಳುವುದನ್ನು ತಡೆಯುತ್ತದೆ, ಮೆಲ್ಲಗೆ ಬಾಯಿ ಆಡಿಸಲು ಬಿಡುತ್ತದೆ. ಪಟ್ಟಿ ಕೂಡುವ ಜಾಗದಲ್ಲಿ ಕುರಿಚರ್ಮದ ಚಿಕ್ಕ ಮೆತ್ತೆ ಇದೆ. ಅದನ್ನು ಬಿಗಿಯಲು ನಾನು ಯಾರಿಗೂ ಬಿಡುವುದಿಲ್ಲ. ಕಟ್ಟಿದ ಮೇಲೆ ಒಂದು ತುಂಡು ಕ್ಯಾರೆಟ್ ಕೊಡುತ್ತೇನೆ. ಅಗಿದು ನುಂಗಲು ಆದರೆ ಸರಿ, ಆಗದಿದ್ದರೆ ಒಂದು ತೂತು ಸಡಿಲ. ಆದರೆ ಪೆಲಮ್ ಹಾಕಿದ ದಿನ ಗ್ರ್ಯಾಕಲ್ ಹಾಕುವುದಿಲ್ಲ, ಅದರ ಕೆಳಪಟ್ಟಿ ಮತ್ತು ಪೆಲಮ್‌ನ ಸರಪಳಿ ಎರಡಕ್ಕೂ ಗದ್ದದ ಅದೇ ತಗ್ಗು ಬೇಕು. ಆ ದಿನ ಸಾದಾ ಪಟ್ಟಿ. ಬೇಲಿ ಹಾರುವ ಅಭ್ಯಾಸಕ್ಕೆ ಸ್ನ್ಯಾಫಲ್ ಜತೆ ಗ್ರ್ಯಾಕಲ್.

ಇಷ್ಟೆಲ್ಲ ಆದ ಮೇಲೂ ಅವನ ಕಲಿಕೆಯ ಕೆಲಸ ಬಾಕಿಯೇ ಇತ್ತು. ಬಿಟ್ ಕೊಡುವುದು ಕುದುರೆ ನಮ್ಮ ಮಾತು ಕೇಳುವಷ್ಟು, ಒಂದು ಕ್ಷಣದ ಬಿಡುವು ಅಷ್ಟೇ. ಆ ಬಿಡುವಿನಲ್ಲಿ ಏನು ಕಲಿಸುತ್ತೇವೆ ಅನ್ನುವುದರ ಮೇಲೆ ಉಳಿದದ್ದು. ನಾವು ಮಾಡಿದ್ದು ಬಹಳ ಸರಳ, ಬಹಳ ಬೇಸರದ ಕೆಲಸ. ನಡಿಗೆ, ನಿಲ್ಲು, ನಡಿಗೆ, ಟ್ರಾಟ್, ನಡಿಗೆ. ಕ್ಯಾಂಟರ್ ಬಂದರೆ ಉದ್ದಕ್ಕೆ ಹೋಗದೆ 20 ಮೀಟರ್ ವೃತ್ತ. ಒರಗಲು ನೋಡಿದ ತಕ್ಷಣ ಕೈಯಿಂದ ಎಳೆಯದೆ, ಬೆನ್ನು ನೇರ ಮಾಡಿ ಕೂತು, ಒಳಗಿನ ಲಗಾಮನ್ನು ಒಂದು ಹೆಜ್ಜೆಯಷ್ಟು ಹೊತ್ತು ಪೂರ್ತಿ ಬಿಟ್ಟುಬಿಡುವುದು. ಒರಗಲು ಏನೂ ಇಲ್ಲದಿದ್ದರೆ ಅವನೇ ತನ್ನ ಭಾರ ಹೊರಬೇಕಲ್ಲ. ಮಳೆಗಾಲದಲ್ಲಿ ಅಂಕಣ ಕೆಸರಾದಾಗ ಏರು ದಾರಿಯಲ್ಲಿ ನಡೆಸಿದೆವು. ಏರಿನಲ್ಲಿ ಹಿಂಗಾಲು ತಾನಾಗಿ ಮೈಕೆಳಗೆ ಬರುತ್ತದೆ, ಹಿಂಭಾಗ ಗಟ್ಟಿಯಾದ ಹಾಗೆ ಮುಂದಕ್ಕೆ ಒರಗುವುದು ಕಡಿಮೆಯಾಯಿತು.

ಕೋಚ್ ಒಂದು ದಿನ ಲಗಾಮು ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ಕಣ್ಣು ಮುಚ್ಚು ಅಂದರು. ಅವರು ಕುದುರೆ, ನಾನು ಸವಾರಳು. ನಾನು ಮೆಲ್ಲಗೆ ಹಿಡಿದಿದ್ದೇನೆ ಅನ್ನಿಸುವಾಗಲೂ ಅವರ ಕೈಗೆ ಎಷ್ಟು ಭಾರ ಬೀಳುತ್ತಿದೆ ಅಂತ ಹೇಳುತ್ತಾ ಹೋದರು. "ಇಷ್ಟು ಹಿಡಿದರೆ ಮಾತು, ಇಷ್ಟು ಹಿಡಿದರೆ ಜಗಳ ಕಣಮ್ಮಾ." ಲಗಾಮಿನ ಎರಡೂ ತುದಿಯಲ್ಲಿ ಮನುಷ್ಯರು ಕೂತು ಮಾಡುವ ಈ ಅಭ್ಯಾಸವನ್ನು ಸವಾರಿ ಕಲಿಯುವ ಎಲ್ಲರಿಗೂ ಮಾಡಿಸಬೇಕು. ಖರ್ಚಿಲ್ಲ, ಕುದುರೆಯೂ ಬೇಡ.

ಈಗ ತೂಫಾನ್ ಅಂಕಣದಲ್ಲಿ ಸ್ನ್ಯಾಫಲ್‌ನಲ್ಲೇ ಚೆನ್ನಾಗಿ ಹೋಗುತ್ತಾನೆ, ಸಾದಾ ಪಟ್ಟಿ, ಎರಡು ಬೆರಳು ಸಡಿಲ. ಬಯಲಿನಲ್ಲಿ ಒಬ್ಬನೇ ಇದ್ದರೆ ಪೆಲಮ್‌ನ ಕೆಳಗಿನ ಲಗಾಮು ಸಡಿಲವಾಗಿಯೇ ಇರುತ್ತದೆ. ಜತೆಗೆ ಇನ್ನೊಂದು ಕುದುರೆ ಪಕ್ಕದಲ್ಲಿ ಕ್ಯಾಂಟರ್ ಮಾಡಿದರೆ ರೇಸ್ ನೆನಪಾಗುತ್ತದೆ, ಆಗ ಅದು ಬೇಕು. ಮುಂದೆ ಬೇಕಾಗದೆ ಇರಬಹುದು, ಗೊತ್ತಿಲ್ಲ, ನಾನು ಅವಸರ ಮಾಡುವುದಿಲ್ಲ. ದಸರಾ ಮುಗಿದ ಮೇಲೆ ಹಲ್ಲಿನ ಡಾಕ್ಟರ್ ಮತ್ತೆ ಬರುತ್ತಾರೆ. ಬಲಗಡೆ ಕೆಳಗಿನ ಕೋರೆಹಲ್ಲಿನ ಮೇಲೆ ಕೊಳೆ ಕಟ್ಟಿದೆ, ವಸಡು ಸ್ವಲ್ಪ ಕೆಂಪಾಗಿದೆ ಅಂತ ಸೈಸ್ ಮೊನ್ನೆ ತೋರಿಸಿದರು. ಅದನ್ನು ತೆಗೆಸುವವರೆಗೆ ಬಿಟ್ ಅರ್ಧ ತೂತು ಮೇಲೆ ಕಟ್ಟಿದ್ದೇವೆ.